ಮಲ್ಲಿಗಮ್ಮನ ಒಳಹೊಲಿಗೆ

ಹಂಗಳದ ಮಲ್ಲಿಗಮ್ಮನಿಗೆ ಈಗ ನಲವತ್ತೈದು ವರ್ಷ. ಅದರಲ್ಲಿ ಮೂವತ್ತು ವರ್ಷ ತಲೆಯ ಮೇಲೆ ಏನಾದರೂ ಹೊತ್ತೇ ಬಾಳಿದ್ದು. ನೀರು, ಸೌದೆ, ಚೆಂಡುಹೂವಿನ ಮಂಕರಿ. ಕಳೆದೆರಡು ವರ್ಷ ತಿಂಗಳಲ್ಲಿ ಹದಿನೈದು ದಿನ ರಕ್ತ ಹೋಗುತ್ತಿದ್ದರೂ ಹೊತ್ತಳು. ಕೊನೆಗೆ ಚಾಮರಾಜನಗರದ ಆಸ್ಪತ್ರೆಯೊಂದರಲ್ಲಿ ಹೊಟ್ಟೆ ಕೊಯ್ಯದೆ, ಮೂರು ತೂತು ಮಾಡಿ, ಕ್ಯಾಮೆರಾ ಇಳಿಸಿ, ಗಡ್ಡೆ ಸಮೇತ ಗರ್ಭಕೋಶ ತೆಗೆದರು. ಮನೆಗೆ ಕಳಿಸುವಾಗ ಡಾಕ್ಟರಮ್ಮ ಬೆರಳೆತ್ತಿ ಹೇಳಿದ್ದರು: "ಎರಡು ತಿಂಗಳು ತುಂಬಿದ ಬಿಂದಿಗೆ ಮುಟ್ಟಬಾರದು. ಹೊಲಿಗೆ ಒಳಗಿದೆ."

ಒಳಗಿದ್ದದ್ದೇ ತಪ್ಪಾಯಿತು. ಬ್ರೆಡ್ಡು ಹಿಡಿದು ನೋಡಲು ಬಂದ ಹೆಂಗಸರು ಸೆರಗು ಸರಿಸಿ, ಮೂರು ಚುಕ್ಕೆ ಕಂಡು, ಮೋಸಹೋದವರಂತೆ ಮುಖ ಮಾಡಿದರು. ಒಬ್ಬಳಂತೂ ಬ್ರೆಡ್ಡು ವಾಪಸ್ ಕೇಳುವಳೇನೋ ಅನ್ನಿಸಿತು. ಅತ್ತೆ ದೊಡ್ಡಮಾದಮ್ಮನಿಗೆ ಹಿಂದೆ ಇದೇ ಆಪರೇಷನ್ ಆದಾಗ ಗೇಣುದ್ದ ಕೊಯ್ದಿದ್ದರು. ಆ ಗೇಣಿನ ಬಲದಲ್ಲಿ ಆಕೆ ಮೂರು ತಿಂಗಳು ಮಂಚ ಬಿಟ್ಟಿಳಿದಿರಲಿಲ್ಲ.

ಹದಿನಾಲ್ಕನೇ ದಿನ ಅತ್ತೆ ಬಂದು ನಿಂತಳು. "ಇದೇನಮ್ಮಿ, ಸೊಳ್ಳೆ ಕಚ್ದಂಗದೆ! ಅಂಗ್ಳದಲ್ಲಿ ಊವು ಬಾಡ್ತಾ ಅದೆ. ಎಲ್ಡು ಮಂಕ್ರಿ ಒತ್ಕೊಟ್ಬುಟ್ಟು ಬಂದು ಮನಿಕೊ."

ಗಂಡ ಲಿಂಗಯ್ಯ ಚಪ್ಪಲಿ ಹುಡುಕುವ ನೆಪದಲ್ಲಿ ಬಗ್ಗಿದ. "ಆಟೋ ಗಂಟ ಅಷ್ಟೇ ಕಣಮ್ಮಿ," ಎಂದಿತು ಬಗ್ಗಿದ ಬೆನ್ನು.

ಆ ಬೆನ್ನು ಕಂಡು ಮಲ್ಲಿಗಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ತೆಗೆದದ್ದನ್ನು ತಟ್ಟೆಯಲ್ಲಿಟ್ಟು ಡಾಕ್ಟರಮ್ಮ ಹೊರಗೆ ತಂದು ತೋರಿಸಿದ್ದು ಇವನಿಗೇ. ಕಂಡವನೇ ಗೋಡೆ ಹಿಡಿದು ಕುಸಿದನಂತೆ. ನೀರು ಚಿಮುಕಿಸಿದ ನರ್ಸೇ ಹೇಳಿದ್ದಳು. ಮರ್ಯಾದೆಯ ಪ್ರಶ್ನೆಯಾದ್ದರಿಂದ ಆ ಸುದ್ದಿಯನ್ನು ಲಿಂಗಯ್ಯ ಊರಿಗೆ ತಂದಿರಲಿಲ್ಲ.

"ನೆಟ್ಗೆ ನಿಂತ್ಕಂಡು ಹೇಳಯ್ಯ ನಿಮ್ಮವ್ವಂಗೆ! ತಟ್ಟೇಲಿ ಏನ್ ಕಂಡೆ? ಸೊಳ್ಳೆನಾ?"

ಲಿಂಗಯ್ಯ ಈಗಲೂ ಗೋಡೆ ಹುಡುಕುತ್ತ ಎದ್ದ. "ತೆಂಗಿನ್ಕಾಯಿ ಗಾತ್ರ ಇತ್ತು ಕಣವ್ವ."

"ಸುಳ್ ಬೊಗಳ್ಬ್ಯಾಡ ಕಣ್ಲಾ. ಆ ತೂತ್ನಲ್ಲಿ ತೆಂಗಿನ್ಕಾಯಿ ಬಂದದಾ?"

"ಆ ತೂತ್ನಲ್ಲಲ್ಲ ಕಣತ್ತೆ!" ಮಲ್ಲಿಗಮ್ಮನ ದನಿ ಬೀದಿಗೆ ಕೇಳಿತು. "ನಿನ್ ಮೊಮ್ಮಕ್ಳು ಬಂದ ದಾರೀಲೇ ತಗುದ್ರು. ಹೊಲ್ಗೆ ಹಾಕಿರದೂ ಅಲ್ಲೇಯ. ಅದ್ನೂ ನೋಡ್ಬೇಕಾ? ಬೀದಿನೆಲ್ಲಾ ಕರಿ, ನೋಡ್ಲಿ!"

ದೊಡ್ಡಮಾದಮ್ಮನ ಕೈ ತಾನಾಗಿ ತನ್ನ ಹೊಟ್ಟೆಯ ಹಳೆಯ ಗೇಣನ್ನು ಸವರಿತು. "ಮಂಕ್ರಿ ನೀನೇ ಎತ್ಲಾ," ಎಂದಳು ಮಗನಿಗೆ.

ಲಿಂಗಯ್ಯ ಹುಟ್ಟಿದಂದಿನಿಂದ ಮೊದಲ ಸಲ ಹೂವಿನ ಮಂಕರಿ ತಲೆಗೇರಿಸಿದ. ಕೆಳಗೆ ಬಟ್ಟೆ ಸುತ್ತಿ ಸಿಂಬಿ ಇಡಬೇಕೆಂಬುದೂ ಅವನಿಗೆ ಹೊಳೆಯಲಿಲ್ಲ. ನಾಲ್ಕು ಹೆಜ್ಜೆಗೆ ಮಂಕರಿ ವಾಲಿ ಹೂವು ಕಿವಿಯ ಮೇಲೆ, ಅಂಗಿಯೊಳಗೆ, ಅಂಗಳದ ತುಂಬ.

ಮಲ್ಲಿಗಮ್ಮನಿಗೆ ನಗು ಒತ್ತಿಬಂತು. ನಕ್ಕರೆ ಹೊಲಿಗೆ ಎಳೆಯುತ್ತದೆ. ಹಲ್ಲು ಕಚ್ಚಿ, ಆ ನೋವಿಗೂ ಗಂಡನ ಮೇಲೇ ಸಿಟ್ಟಾಗಿ, ಮಂಚಕ್ಕೊರಗಿಕೊಂಡು ಕೂಗಿದಳು: "ಬಿದ್ದಿರದ್ನ ಆರಿಸ್ಕಂಡೋಗು!"