ಪಾಚಿಗಿಟ್ಟ ಕುಂಕುಮ

ನೆಲದಡಿಯ ನೀರಿನ ಸಂಪು ತೊಳೆಯುವವನು ಮುಚ್ಚಳ ತೆಗೆದ ಕೂಡಲೇ ಎದ್ದ ಹಸಿ ಪಾಚಿಯ ವಾಸನೆಗೆ ಮನೆಯವರೆಲ್ಲ ಮೂಗು ಮುಚ್ಚಿಕೊಂಡರು. ನಾನೊಬ್ಬಳು ಅಲ್ಲೇ ನಿಂತು ಎದೆ ತುಂಬ ಎಳೆದುಕೊಂಡೆ. ಇದ್ದದ್ದು ನಾಗರಬಾವಿಯ ಮನೆಯಲ್ಲಾದರೂ ಮನಸ್ಸು ಕೆಂಗೇರಿಯ ನಮ್ಮ ಹಿತ್ತಿಲು ದಾಟಿ ಹೊಳೆಗೆ ಇಳಿದಿತ್ತು. ಅದೇ ವೃಷಭಾವತಿ. ಇವತ್ತು ಅದರ ನೊರೆ ಕಂಡು ಬಸ್ಸಿನ ಕಿಟಕಿ ಎಳೆದುಕೊಳ್ಳುವ ನೀವು ನಂಬಲಿಕ್ಕಿಲ್ಲ, ನಾವು ಅದರಲ್ಲಿ ಬಟ್ಟೆ ಒಗೆದೆವು, ಈಜಿದೆವು. ಮಳೆಗಾಲ ಕಳೆದು ನೀರು ತಿಳಿಯಾದರೆ ಒಗೆಯುವ ಕಲ್ಲುಗಳ ಮೇಲೆ ಹೊಂಬಣ್ಣದ ಲೋಳೆ ಕೂರುತ್ತಿತ್ತು. ಬೇಸಿಗೆಯ ಬಿಸಿಲೇರಿದಂತೆ ಹಸುರಾಗಿ, ಮುಂಗಾರಿನ ಮೊದಲ ಕೆನ್ನೀರಿಗೆ ಕೊಚ್ಚಿಹೋಗುತ್ತಿತ್ತು. ಅಜ್ಜಿಗೆ ಅದನ್ನು ಕಂಡರಾಗದು. ತೆಂಗಿನ ನಾರು, ಬೂದಿ ಹಾಕಿ ಉಜ್ಜಿದ ಮೇಲೆಯೇ ಬಟ್ಟೆಗೆ ಕೈ ಹಾಕುತ್ತಿದ್ದಳು.

ಅಜ್ಜಿಯ ಮಗಳು, ನನ್ನ ಸರೋಜತ್ತೆಗೆ ಆ ಲೋಳೆಯೇ ಓದು. ಒಂದು ಕಲ್ಲಿನ ಪಾಚಿಯನ್ನು ಕಾಲಕಾಲಕ್ಕೆ ನೋಡಿ ಬರೆದರೆ ಅವಳಿಗೆ ಡಿಗ್ರಿ. ಬರೆಯದಿದ್ದರೆ ಬಂದ ಗಂಡನ್ನು ಒಪ್ಪಿಕೊಳ್ಳಬೇಕು ಎಂದು ತಾತ ಕರಾರು ಹಾಕಿದ್ದರು. ಮನೆಯ ಹಲ್ಲುಜ್ಜುವ ಹಳೇ ಬ್ರಶ್ಶುಗಳೆಲ್ಲ ಅವಳು ಕಲ್ಲಿನಿಂದ ಪಾಚಿ ಕೆರೆದು ತೆಗೆಯುವುದಕ್ಕೇ ಆದವು. "ಅಮ್ಮಾ, ಆ ಕೊನೇ ಕಲ್ಲು ಒಂದು ಉಜ್ಜಬೇಡಿ. ಉಜ್ಜಿದ್ರೆ ನನ್ನ ಓದು ಹೋದಂಗೇ," ಎಂದು ಬೇಡಿ ಅತ್ತೆ ಹಾಸ್ಟೆಲ್ಲಿಗೆ ಹೋದಳು. ಅಜ್ಜಿಗೆ ಮಗಳೆಂದರೆ ಪ್ರಾಣ. ಊರಿನ ಹೆಂಗಸರು ಯಾರೂ ಆ ಕಲ್ಲಿನ ಮೇಲೆ ಬಟ್ಟೆ ಬಡಿಯದಿರಲೆಂದು ಅದಕ್ಕೆ ಅರಿಸಿನ ಕುಂಕುಮ ಇಟ್ಟು, ಗೆದ್ದವಳಂತೆ ಮನೆಗೆ ಬಂದಳು.

ಅರಿಸಿನ ಕಂಡ ಮೇಲೆ ನಮ್ಮ ಜನ ಸುಮ್ಮನಿರುತ್ತಾರೆಯೇ? ಒಬ್ಬಳು ಹೂವಿಟ್ಟಳು, ಇನ್ನೊಬ್ಬಳು ಕೊಡ ನೀರು ಸುರಿದು ತಿಕ್ಕಿ ತೊಳೆದಳು. ಅತ್ತೆ ರಜಕ್ಕೆ ಬರುವ ಹೊತ್ತಿಗೆ ಕಲ್ಲು ಪಳಪಳ ಹೊಳೆಯುತ್ತಿತ್ತು. ಅಜ್ಜಿ ಹೊಳೆಯ ಮೆಟ್ಟಿಲ ಮೇಲೆ ತಲೆಗೆ ಕೈಹೊತ್ತು ಕೂತಳು. "ನಾನೇ ಕೈಯಾರೆ ನಿನ್ನ ಓದು ತೊಳೆಸಿಬಿಟ್ನಲ್ಲೇ." ಅತ್ತೆ ಕಲ್ಲನ್ನು ಸವರಿ ನೋಡಿದಳು. ಆಮೇಲೆ, "ಹೊಳೇನೂ ಪ್ರತಿ ವರ್ಷ ತೊಳೆಯುತ್ತಲ್ಲಮ್ಮಾ, ಆದ್ರೂ ಪಾಚಿ ಬರುತ್ತೆ. ಹೆಂಗೆ ಬರುತ್ತೆ ಅಂತ್ಲೇ ಈಗ ಬರೀತೀನಿ," ಎಂದಳು. ಅಂದಿನಿಂದ ಅಜ್ಜಿಯೇ ಕಾವಲು. ಕೊಡ ತಂದವರಿಗೆಲ್ಲ, "ಅಮ್ಮನೋರು ಸದ್ಯಕ್ಕೆ ನೀರು ಹಾಕಿಸ್ಕೊಳ್ಳಲ್ಲ," ಎಂದು ಹೇಳಿ ಕಳಿಸುತ್ತಿದ್ದಳು. ಮೊದಲ ಲೋಳೆ ಬಂದಾಗ ಅತ್ತೆ ಅದನ್ನು ಕಾಲೇಜಿನಿಂದ ತಂದ ಮೈಕ್ರೋಸ್ಕೋಪಿನಲ್ಲಿ ಅಜ್ಜಿಗೆ ತೋರಿಸಿದಳು. ಒಳಗೆ ಗಾಜಿನ ಪುಟ್ಟ ಪುಟ್ಟ ದೋಣಿಗಳಂಥ ಪಾಚಿಕಣಗಳು. "ಇಷ್ಟು ಚೆಂದ ಇರೋದನ್ನ ಇಷ್ಟು ವರ್ಷ ಉಜ್ಜಿ ಹಾಕಿದ್ನೇನೇ," ಎಂದು ಅಜ್ಜಿ ಅದರಿಂದ ಕಣ್ಣು ಕೀಳಲೇ ಇಲ್ಲ. ಅತ್ತೆ ಪಾಸಾದಳು, ಕಾಲೇಜಿನಲ್ಲಿ ಪಾಠ ಹೇಳಿದಳು, ನನ್ನನ್ನೂ ಓದಿಸಿದಳು. ಆ ಋಣ ದೊಡ್ಡದು.

ಈಗ ಆ ಮನೆಯಿಲ್ಲ, ಅಜ್ಜಿಯಿಲ್ಲ, ಹೋದ ವರ್ಷ ಅತ್ತೆಯೂ ಹೋದಳು. ಹೊಳೆ ಕೆಟ್ಟಾಗ ಊರವರು ಆ ಕಲ್ಲನ್ನು ಮೇಲಕ್ಕೆ ತಂದು ಗುಡಿ ಕಟ್ಟಿದ್ದರು. ಸಂಪು ತೊಳೆದ ಮರುದಿನವೇ ಅಲ್ಲಿಗೆ ಹೋದೆ. ಅಭಿಷೇಕದ ನೀರು ತೊಟ್ಟಿಕ್ಕುವ ಮೂಲೆಯಲ್ಲಿ ಅದೇ ಹೊಂಬಣ್ಣ. ಬೆರಳಿಟ್ಟೆ, ಜಾರಿತು. ಗುಡಿ ನೋಡಿಕೊಳ್ಳುವ ಹೆಂಗಸು, "ಹುಷಾರು ಆಂಟಿ, ದಿನಾ ಉಜ್ತೀನಿ, ದಿನಾ ಬರುತ್ತೆ," ಎಂದಳು.

"ಇದೊಂದು ಮೂಲೆ ಉಜ್ಜಬೇಡಿಮ್ಮಾ," ಎಂದೆ. ಅದು ಅತ್ತೆಯ ಮಾತೆಂದು ಆಡಿದ ಮೇಲೆ ತಿಳಿಯಿತು.

"ಆಯ್ತು ಬಿಡಿ," ಎಂದು ಅವಳು ಗುರುತಿಗೆಂದು ಕುಂಕುಮದ ಬಟ್ಟಲಿಗೆ ಕೈ ಹಾಕಿದಳು. ನಗುವೂ ಅಳುವೂ ಒಟ್ಟಿಗೇ ಬಂದು, ನಾನು ಆ ಕೈ ಹಿಡಿದುಕೊಂಡೆ.