ಲಿಂಗಕ್ಕೆ ತೋರಿಸಿದ ಬಾಟ್ಲಿ

ನನ್ನನ್ನು ನೋಡಲು ಬಂದ ಮೂರನೆಯ ವರನ ಸಂಬಂಧ ಮುರಿದದ್ದು ಸ್ಪೇನ್ ದೇಶದ ಒಂದು ಬಾಟ್ಲಿ ದ್ರಾಕ್ಷಾರಸದಿಂದ. ಶಹಾಬಾದಿನಲ್ಲಿ ಬೇರೆ ಯಾರ ಸಂಬಂಧವೂ ಈ ಕಾರಣಕ್ಕೆ ಮುರಿದದ್ದು ನನಗೆ ಗೊತ್ತಿಲ್ಲ.

ಪೊಲೀಸ್ ಆ್ಯಕ್ಷನ್ ಆಗಿ, ನಿಜಾಮನ ಆಳ್ವಿಕೆ ಮುಗಿದು ನಾಲ್ಕೈದು ವರ್ಷ ಕಳೆದಿತ್ತು. ಅಪ್ಪ ನೆಲಕ್ಕೆ ಹಾಸುವ ಪರಸಿ ಕಲ್ಲಿನ ಖಣಿಯೊಂದರಲ್ಲಿ ಲೆಕ್ಕ ಬರೆಯುವ ಮುನೀಮನಾಗಿದ್ದ. ಅಲ್ಲಿ ಕಲ್ಲು ಕೊಯ್ಯುವ ಹೊಸ ಯಂತ್ರ ಕೂಡಿಸಲು ಸ್ಪೇನಿನವನೊಬ್ಬ ಬಂದು ಎರಡು ತಿಂಗಳು ಇದ್ದ. ಹೋಟೆಲಿನ ಊಟಕ್ಕೆ ಅವನ ಹೊಟ್ಟೆ ಕೆಟ್ಟಿತು. ಆಮೇಲೆ ನಮ್ಮ ಕಟ್ಟೆಯ ಮೇಲೆ ಕೂತು ಜೋಳದ ರೊಟ್ಟಿ, ಮಜ್ಜಿಗೆ ಉಂಡು ಬದುಕಿಕೊಂಡ. ಹೊರಡುವಾಗ ಅಪ್ಪನ ಕೈಗೆ ಒಂದು ಹಸಿರು ಬಾಟ್ಲಿ ಕೊಟ್ಟ. ಅರ್ಧ ಹಿಂದಿ, ಅರ್ಧ ಕೈಸನ್ನೆಯಲ್ಲಿ ಅವನು ತಿಳಿಸಿದ್ದಿಷ್ಟು: ಇದು ದ್ರಾಕ್ಷಿಯದು, ನನ್ನೂರಿನದು, ಬಳ್ಳಿಗಳು ನನ್ನ ಅಜ್ಜನಿಗಿಂತ ಹಳೆಯವು, ಸಿಹಿ ಇರುವುದಿಲ್ಲ, ದೊಡ್ಡ ದಿನ ನೋಡಿ ತೆರೆಯಿರಿ.

ದ್ರಾಕ್ಷಿ, ಅಜ್ಜನ ಕಾಲದ ಬಳ್ಳಿ, ಸಿಹಿ ಇಲ್ಲ. ಅಂದರೆ ಔಷಧ ಎಂದು ಅಪ್ಪ ತೀರ್ಮಾನಿಸಿದ. ಬೂಚು ಬಿಚ್ಚಿರಲಿಲ್ಲವಾದ್ದರಿಂದ ಮೈಲಿಗೆಯ ಮಾತೂ ಇಲ್ಲ. ಅಪ್ಪ ಉಳ್ಳಾಗಡ್ಡಿಯನ್ನೂ ಮುಟ್ಟದ ಮನುಷ್ಯ. ಬೇರೆ ಅನುಮಾನ ಅವನ ತಲೆಗೆ ಬರಲು ದಾರಿಯೇ ಇರಲಿಲ್ಲ.

ದೊಡ್ಡ ದಿನವೆಂದರೆ ಸುಲೇಪೇಟದವರು ನನ್ನನ್ನು ನೋಡಲು ಬಂದ ದಿನ. ವರ, ವರನ ತಂದೆ, ಸೋದರಮಾವ ಮೂವರೇ. ವರ ವಾಡಿ ಜಂಕ್ಷನ್ನಿನಲ್ಲಿ ಗುಮಾಸ್ತ. ಮಗ ಉರ್ದುವನ್ನು ನೀರು ಕುಡಿದಂತೆ ಓದುತ್ತಾನೆ ಎಂದು ತಂದೆ ಹೇಳಿ ಮುಗಿಸಿದ ಮೇಲೆ ಮಾವ ನನ್ನನ್ನು ಕೇಳಿದರು.

"ಓದ್ಲಿಕ್ಕ ಬರ್ತದೇನವ್ವಾ?"

"ಕನ್ನಡ ಬರ್ತದ್ರಿ. ಉರ್ದು ಅರ್ಧ."

"ನಂದೂ ಅರ್ಧೇ ಅದ," ಅಂದ ವರ.

ತಂದೆ ಕೆಮ್ಮಿದರು. ನನಗೆ ಮಾತ್ರ ಅವನು ಬೇಕು ಅನಿಸಿಬಿಟ್ಟಿತು. ಮೊದಲಿನ ಇಬ್ಬರು ಬಂದುಹೋದಾಗ ಹಾಗೇನೂ ಅನಿಸಿರಲಿಲ್ಲ. ಇದನ್ನು ಹೇಳಲು ಈಗ ನನಗೆ ನಾಚಿಕೆಯೂ ಇಲ್ಲ.

ಅಪ್ಪ ಖಣಿಯ ಉಳಿಯಿಂದ ಬೂಚನ್ನು ಒಳಗೇ ನೂಕಿ, ಇಡೀ ಬಾಟ್ಲಿಯನ್ನು ಲಿಂಗಕ್ಕೆ ಅರ್ಪಿಸಿ ತಂದು ಬಟ್ಟಲುಗಳಿಗೆ ಹಾಕಿದ. ಒಳಗೆ ನನಗೂ ಆಯಿಗೂ, ಅಂದರೆ ಅಪ್ಪನ ತಾಯಿಗೂ, ಒಂದೊಂದು ಗುಟುಕು ಬಂತು. ಮಳೆಯಲ್ಲಿ ತೊಯ್ದ ಪರಸಿ ಕಲ್ಲನ್ನು ನೆಕ್ಕಿದಂತಿತ್ತು, ಮೇಲೊಂದಿಷ್ಟು ಹುಳಿ. ಶಹಾಬಾದಿನಲ್ಲಿ ಹುಟ್ಟಿದವರಿಗೆ ಆ ಕಲ್ಲಿನ ರುಚಿ ಗೊತ್ತು.

ಹೊರಗೆ ಮಾವ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು. ಅವರು ಒಂದು ಕಾಲಕ್ಕೆ ಸೇಂದಿ ಗುತ್ತಿಗೆ ಹಿಡಿದವರು.

"ಔಷಧ ಭಾಳ ಚಲೋ ಅದ," ಅಂದರು.

"ಉಷ್ಣಕ್ಕ ಒಳ್ಳೇದು," ಅಂದರು ವರನ ತಂದೆ.

ಮಾವ ಬಟ್ಟಲನ್ನು ಮತ್ತೆ ಮುಂದೆ ಹಿಡಿದರು. ಅಪ್ಪನಿಗೆ ಹಿಗ್ಗೋ ಹಿಗ್ಗು. ಆಗ ವರ ಮೆಲ್ಲಗೆ ಹೇಳಿದ: "ತಪ್ಪು ತಿಳಕೋಬ್ಯಾಡ್ರಿ. ಇದು ಔಷಧ ಅಲ್ರಿ, ದ್ರಾಕ್ಷಿ ಶೆರೆ ಅದ. ನಿಮಗ ಯಾರೂ ಹೇಳಿಲ್ಲ, ಅದಕ್ಕ ಹೇಳ್ಲಿಕತ್ತೀನಿ."

"ನಿನಗ ಹ್ಯಾಂಗ ಗೊತ್ತು?" ಎಂದು ಗದರಿದವರು ಮಾವ.

"ವಾಡ್ಯಾಗ ಒಬ್ಬ ಗಾರ್ಡ್ ಸಾಹೇಬ್ರು ಕೊಟ್ಟಿದ್ರು. ಒಮ್ಮೆ ಕುಡದೀನಿ."

ಅದೇ ಪ್ರಶ್ನೆಯನ್ನು ಮಾವನಿಗೆ ಯಾರೂ ಕೇಳಲಿಲ್ಲ. ಎಲ್ಲರೂ ತಮ್ಮ ತಮ್ಮ ಬಟ್ಟಲು ನೋಡಿದರು. ಅಪ್ಪ ತನ್ನದನ್ನು ಅಂಗಳಕ್ಕೆ ಚೆಲ್ಲಲು ಎದ್ದ. ಬಾಗಿಲ ಮರೆಯಿಂದ ಆಯಿ ಅಂದಳು: "ಲಿಂಗಕ್ಕ ತೋರಿಸೀದಿ. ಪ್ರಸಾದ ಅದು. ಚೆಲ್ಲಂಗಿಲ್ಲ."

ಅದು ನಿಜ. ನಮ್ಮಲ್ಲಿ ಲಿಂಗಕ್ಕೆ ಅರ್ಪಿಸಿದ್ದರಲ್ಲಿ ಒಂದು ಅಗುಳೂ ಬಿಡುವಂತಿಲ್ಲ. ತಾಟು ತೊಳೆದು ಆ ನೀರನ್ನೂ ಕುಡಿಯಬೇಕು. ಅಪ್ಪ ಅರ್ಪಿಸಿದ್ದು ಇಡೀ ಬಾಟ್ಲಿ. ಹೀಗಾಗಿ ಮೂವರು ಹಿರಿಯರೂ ಮತ್ತೆ ಕೂತು, ಅದು ಏನೆಂದು ತಿಳಿದ ಮೇಲೂ, ಪೂರ್ತಿ ಮುಗಿಸಿದರು. ಬಟ್ಟಲಿಗೆ ನೀರು ಹಾಕಿ ತೊಳೆದು ಅದನ್ನೂ ಕುಡಿದರು. ಮಾವ ಧರ್ಮಕ್ಕಾಗಿ ಎಲ್ಲರಿಗಿಂತ ಹೆಚ್ಚು ಕಷ್ಟಪಟ್ಟರು. ವರ ತನ್ನ ಪಾಲಿನದನ್ನು ತಲೆ ತಗ್ಗಿಸಿ ಕುಡಿದು, ಬಟ್ಟಲನ್ನು ಬೋರಲು ಹಾಕಿದ. ಹೋಗುವಾಗ ಒಮ್ಮೆ ಬಾಗಿಲ ಕಡೆ ನೋಡಿದ.

ಅವರು ಮರೆಯಾದ ಮೇಲೆ ಅಪ್ಪ ಗೋಡೆ ಹಿಡಿದುಕೊಂಡು ನಿಂತು ಹೇಳಿದ: "ಶೆರೆ ಕುಡಿಯೋ ಹುಡುಗಗ ನನ್ನ ಮಗಳನ್ನ ಕೊಡಂಗಿಲ್ಲ."

ಆ ಮಾತು ಹೇಳುವಾಗ ಅವನ ನಾಲಿಗೆ ಸ್ವಲ್ಪ ತೊದಲುತ್ತಿತ್ತು. ನಾನು ಆಯಿಯ ಹತ್ತಿರ ಹೋಗಿ ಅತ್ತೆ.

"ಆಯಿ, ಅವ ಒಬ್ಬನೇ ಖರೆ ಹೇಳಿದ್ನಲ್ಲ."

"ಇದ್ದದ್ದು ಇದ್ಹಂಗ ಹೇಳಿದ್ರ ಎದ್ದು ಬಂದು ಎದಿಗೆ ಒದ್ರಂತ," ಅಂದಳು ಆಯಿ. "ನೀ ಅಷ್ಟು ಕಲತ್ರ ಸಾಕು."

ಮರುವರ್ಷ ನನ್ನನ್ನು ಕುರಕುಂಟಾಕ್ಕೆ ಕೊಟ್ಟರು. ಗಂಡ ಒಳ್ಳೆಯವನೇ, ಮಾತು ಕಡಿಮೆ. ಆಯಿ ಆ ಹಸಿರು ಬಾಟ್ಲಿಯನ್ನು ತೊಳೆದು ನನ್ನ ಸಾಮಾನಿನ ಜತೆ ಕಟ್ಟಿಕೊಟ್ಟಿದ್ದಳು. ನಾನು ಅದರಲ್ಲಿ ಕುಸುಬಿ ಎಣ್ಣೆ ಹಾಕಿಟ್ಟಿದ್ದೆ. ಒಂದು ದಿನ ಗಂಡ ಅದನ್ನು ಬೆಳಕಿಗೆ ಹಿಡಿದು ನೋಡಿದ.

"ಇಂಥಾ ಬಾಟ್ಲಿ ಎಲ್ಲೂ ನೋಡಿಲ್ಲ. ಏನಿತ್ತು ಇದರಾಗ?"

ಅತ್ತೆ ಒಲೆಯ ಮುಂದೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿದರು.

"ಔಷಧ ಇತ್ರಿ," ಅಂದೆ.