ಮಧ್ಯಾಹ್ನದ ಕಿತ್ತಳೆ ಬಾಟಲಿ

ಹೊಸನಗರದ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಟೈಲರ್ ಅಂಗಡಿ. ಎದುರಿಗೇ ನನ್ನ ಗೆಳತಿಯ ಕೂಲ್ ಡ್ರಿಂಕ್ಸ್ ಅಂಗಡಿ. ಮಧ್ಯಾಹ್ನ ತೀರ್ಥಹಳ್ಳಿ ಬಸ್ಸು ಹೊರಟುಹೋದ ಮೇಲೆ ಇಡೀ ರಸ್ತೆಗೆ ಮಂಪರು ಹತ್ತುತ್ತದೆ. ಆ ಹೊತ್ತಿಗೆ ಅವಳು ಫ್ರಿಜ್ಜಿನಿಂದ ಕಿತ್ತಳೆ ಬಣ್ಣದ ಎರಡು ಗಾಜಿನ ಬಾಟಲಿ ತೆಗೆದು, ರಸ್ತೆ ದಾಟಿ ಬಂದು, ನನ್ನ ಮಿಷನ್ನಿನ ಪಕ್ಕದ ಸ್ಟೂಲಿನಲ್ಲಿ ಕೂರುತ್ತಿದ್ದಳು. ಮೊದಲ ಗುಟುಕಿಗೆ ಮೂಗಿನೊಳಗೆ ಚುರುಗುಟ್ಟಿ, ಆಮೇಲೆ ತಂಪು ಎದೆಯೊಳಗೆ ಹರಡುವಾಗ ಎಚ್ಚರವೂ ಅಲ್ಲದ ನಿದ್ದೆಯೂ ಅಲ್ಲದ ಒಂದು ಸುಖ. ಅವಳ ಮಾತು ನೀರಿನಾಚೆಯಿಂದ ಕೇಳಿಸಿದಂತಿರುತ್ತಿತ್ತು. ನನ್ನ ಗಂಡ ತೀರಿಕೊಂಡ ವರ್ಷ ಶುರುವಾದ ಅಭ್ಯಾಸ ಅದು. ಆಮೇಲಾಮೇಲೆ ಅವಳು ಬರುವ ಮೊದಲೊಂದು, ಹೋದ ಮೇಲೊಂದು ನಾನೇ ತರಿಸಿಕೊಳ್ಳತೊಡಗಿದೆ.

ಊರ ಹೆಂಗಸರ ಅಳತೆ ತೆಗೆಯುವ ನಾನು ನನ್ನ ಅಳತೆ ನೋಡಿಕೊಂಡಿರಲಿಲ್ಲ. ರವಿಕೆ ಬಿಗಿಯಾದರೆ ಪಕ್ಕದ ಹೊಲಿಗೆ ಬಿಚ್ಚಿ, ಒಳಗೆ ಮಡಚಿಟ್ಟ ಬಟ್ಟೆಯನ್ನು ಹೊರಗೆ ಬಿಡುತ್ತಿದ್ದೆ. ಒಂದು ಸಲ ಬಿಡಲು ಬಟ್ಟೆಯೇ ಉಳಿದಿರಲಿಲ್ಲ. ಮಿಷನ್ ತುಳಿಯಲು ಮಂಡಿಯೂ ಒಪ್ಪದಾಯಿತು. ಸಾಗರಕ್ಕೆ ಹೋಗಿ ಡಾಕ್ಟರಿಗೆ ತೋರಿಸಿದೆ.

"ಊಟ ಎಂತ ಮಾಡ್ತೀರಿ?"

"ಬೆಳಿಗ್ಗೆ ಗಂಜಿ, ಮಧ್ಯಾಹ್ನ ಒಂದ್ ಹಿಡಿ ಅನ್ನ. ಅಷ್ಟೇ ಡಾಕ್ಟ್ರೇ."

"ತಿನ್ನೋದಾಯ್ತು. ಕುಡಿಯೋದೆಂತ?"

ಹೇಳಿದೆ. ಅವರು ಬೈಯಲಿಲ್ಲ. "ಅದನ್ನ ಬಿಟ್ಟು ನೋಡಿ. ತೂಕ ಇಳಿದ್ರೆ ಮಂಡಿಗೂ ಹಗುರ ಆಗ್ತದೆ," ಅಂದರು.

ಬಿಟ್ಟೆ. ತಲೆ ಸಿಡಿಯುತ್ತಿತ್ತು. ಬೆಳಗಿನ ಜಾವ ಕನಸು: ಲಿಂಗನಮಕ್ಕಿಯ ಹಿನ್ನೀರೆಲ್ಲ ಕಿತ್ತಳೆ ಬಣ್ಣಕ್ಕೆ ತಿರುಗಿದೆ, ಮುಳುಗಿದ ಕಾಡಿನ ಬೋಳು ಮರಗಳ ಸುತ್ತ ಸಣ್ಣ ಗುಳ್ಳೆಗಳು ಏಳುತ್ತಿವೆ. ದಡದಲ್ಲಿ ಕೂತು ಬೊಗಸೆ ತುಂಬಿಕೊಂಡರೆ, ತುಟಿಗೆ ತಾಗುವ ಮೊದಲೇ ಎಚ್ಚರ.

ಆದರೆ ಬಾಯಿಯ ಆಸೆಗಿಂತ ಕಷ್ಟವಾದದ್ದು ಗೆಳತಿಗೆ ಬೇಡ ಎನ್ನುವುದು. ಅವಳ ಜೀವನ ನಡೆಯುವುದೇ ಆ ವ್ಯಾಪಾರದಿಂದ. ಅದು ನನಗಾಗದು ಎಂದು ಅವಳೆದುರು ಹೇಗೆ ಹೇಳಲಿ? ಅವಳು ಬರುವ ಹೊತ್ತಿಗೆ ಶಟರ್ ಅರ್ಧಕ್ಕಿಂತ ಕೆಳಗೆಳೆದು ಒಳಗೆ ಸುಮ್ಮನೆ ಕೂರತೊಡಗಿದೆ. ಕೆಳಗಿನ ಬೆಳಕಿನ ಪಟ್ಟಿಯಲ್ಲಿ ಅವಳ ಪಾದಗಳು ಬಂದು ನಿಲ್ಲುತ್ತಿದ್ದವು. ಬಾಟಲಿಗಳು ಒಂದಕ್ಕೊಂದು ತಾಗಿ ಮೆಲ್ಲಗೆ ಸದ್ದಾಗುತ್ತಿತ್ತು. ಸ್ವಲ್ಪ ಹೊತ್ತು ಕಾದು ಪಾದಗಳು ಹಿಂದಿರುಗುತ್ತಿದ್ದವು.

ಹೀಗೇ ಕೆಲವು ದಿನ ಕಳೆದ ಮೇಲೆ ಅವಳು ಬಗ್ಗಿ ಶಟರ್ ಎತ್ತಿ ಒಳಗೇ ಬಂದಳು.

"ಎಂತ ಮಾರಾಯ್ತಿ, ನನ್ ಮೇಲೆ ಸಿಟ್ಟಾ? ನಾನೆಂತ ಮಾಡ್ದೆ ಅಂತನಾದ್ರೂ ಹೇಳು."

"ಸಿಟ್ಟಲ್ಲ. ಡಾಕ್ಟ್ರು ಇದನ್ನ ಬಿಡಕ್ಕೆ ಹೇಳಿದಾರೆ. ನಿಂಗೆ ಹೆಂಗೆ ಹೇಳೋದು ಅಂತ ಗೊತ್ತಾಗ್ಲಿಲ್ಲ."

ಅವಳು ಕೈಯಲ್ಲಿದ್ದ ಬಾಟಲಿಗಳನ್ನೇ ನೋಡಿದಳು. "ಅಷ್ಟೇಯಾ? ನಾನು ಎಂತೆಂತದೋ ಯೋಚ್ನೆ ಮಾಡಿದ್ದೆ. ನಂಗಿದು ಸೇರೋದೇ ಇಲ್ಲ, ಗೊತ್ತಾ? ಬರೀ ತೇಗು. ನೀನೊಬ್ಳೇ ಕುಡೀಬಾರ್ದು ಅಂತ ಜೊತೆಗೆ ಕುಡೀತಿದ್ದೆ."

ಇಬ್ಬರಿಗೂ ನಗು ಬಂತು. ನಗುತ್ತಿದ್ದಂತೆ ನನಗೆ ಕಣ್ಣು ತುಂಬಿತು.

ಮರುದಿನ ಅವಳು ಬರಿಗೈಯಲ್ಲಿ ಬಂದಳು. ಮೊದಮೊದಲು ಖಾಲಿ ಕೈ ಎಲ್ಲಿಡಬೇಕೆಂದು ಇಬ್ಬರಿಗೂ ತಿಳಿಯುತ್ತಿರಲಿಲ್ಲ. ಒಂದಿಷ್ಟು ರವಿಕೆ ಕೊಟ್ಟು ಹುಕ್ಕು ಹಾಕಲು ಹೇಳಿಕೊಟ್ಟೆ. ಸೊಟ್ಟಪಟ್ಟ ಹಾಕುತ್ತಿದ್ದಳು, ಅವಳು ಹೋದ ಮೇಲೆ ಬಿಚ್ಚಿ ಮತ್ತೆ ಹಾಕುತ್ತಿದ್ದೆ.

ತೂಕ ನಿಧಾನವಾಗಿ ಇಳಿಯಿತು. ಮಳೆಗಾಲ ಮುಗಿಯುವ ಹೊತ್ತಿಗೆ ಮಂಡಿ ಮಾತು ಕೇಳತೊಡಗಿತು. ಅಳತೆ ಕೊಡಲು ಬಂದವರು ನನ್ನನ್ನು ದಿಟ್ಟಿಸಿ, "ಎಂತ ಆಯ್ತು, ಹುಷಾರಿಲ್ವಾ?" ಎಂದು ದನಿ ತಗ್ಗಿಸಿ ಕೇಳುತ್ತಾರೆ.

"ಅವ್ಳು ಹುಷಾರಾಗೇ ಇದಾಳೆ," ಎಂದು ಸ್ಟೂಲಿನಿಂದ ಗೆಳತಿಯೇ ಉತ್ತರಿಸುತ್ತಾಳೆ. "ನಿಮ್ ರವಿಕೆ ಮಾತ್ರ ನಾಳೆ ಸಿಗಲ್ಲ, ಹುಕ್ಕು ಹಾಕ್ತಿರೋದು ನಾನು."